ದಾಟಿ ಹೋದ ಬಾಗಿಲು

ಚುನಾವಣೆ ಸೋತ ಮರುವಾರ ನಮ್ಮ ವಾರ್ಡ್ ಅಧ್ಯಕ್ಷರು ಪಕ್ಷದ ಕಚೇರಿಯ ಬೀಗದ ಕೈಯನ್ನು ತಂದು ನಮ್ಮ ಹೋಟೆಲಿನ ದುಡ್ಡಿನ ಗಲ್ಲೆಯ ಮೇಲಿಟ್ಟರು. ಒಂದು ಕಾಫಿ ಕುಡಿದರು. ಮರಾಠಿಯಲ್ಲಿ ಅತ್ತಿಗೆಗೆ ವಹಿನಿ ಎನ್ನುತ್ತಾರೆ, ನನ್ನನ್ನು ಎಲ್ಲರೂ ಕರೆಯುವುದು ಹಾಗೆಯೇ. “ವಹಿನಿ, ಸ್ವಲ್ಪ ದಿವಸ ನೀವು ನೋಡಿಕೊಳ್ಳಿ, ನನಗೆ ಬೆನ್ನು ನೋವು” ಎಂದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಗೆದ್ದ ವರ್ಷಗಳಲ್ಲಿ ಅವರ ಬೆನ್ನಿಗೆ ಏನೂ ಆಗಿದ್ದಿಲ್ಲ.

ಹೀಗೆ ನಾನು ಮುಂಬೈ ಹತ್ತಿರದ ಕಲ್ಯಾಣ ಪೂರ್ವದ ಒಂದು ವಾರ್ಡಿಗೆ ಅಧ್ಯಕ್ಷೆಯಾದೆ. ಅಲ್ಲಿಯವರೆಗೆ ಮಹಿಳಾ ಘಟಕ ನೋಡಿಕೊಳ್ಳುತ್ತಿದ್ದೆ. ನಮ್ಮದು ಹಳೆಯದನ್ನು ಉಳಿಸಿಕೊಳ್ಳಬೇಕು ಎನ್ನುವವರ ಪಕ್ಷ: ದೇವರು, ಮನೆತನ, ಹಬ್ಬ, ಹಿರಿಯರ ಮಾತು. ನಾನು ಉಡುಪಿ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಈ ಪಕ್ಷ ಸೇರಿದ್ದು ಯಾರ ಭಾಷಣ ಕೇಳಿಯೂ ಅಲ್ಲ. ಆ ಮಾತುಗಳೆಲ್ಲ ನಮ್ಮ ಮನೆಯಲ್ಲಿ ಮೊದಲೇ ಇದ್ದವು. ಗೆದ್ದಾಗ ಅಧ್ಯಕ್ಷಗಿರಿಗೆ ಗಂಡಸರೊಳಗೆ ಜಗ್ಗಾಟ, ಸೋತಾಗ ಹೆಂಗಸರಿಗೆ ಗೌರವ. ಇರಲಿ, ಬೀಗದ ಕೈ ಬಂದಿತ್ತು.

ಠಾಣೆ ನಗರದಲ್ಲಿ ಅವಲೋಕನ ಸಭೆ ಕರೆದರು. ಎಣಿಕೆಯ ದಿನ ನಮ್ಮ ಏಜೆಂಟರು ಒಂದೊಂದು ಯಂತ್ರದ ಮತ ಗುರುತು ಹಾಕಿಕೊಂಡು ಬಂದಿರುತ್ತಾರೆ. ಅದರಿಂದ ಯಾವ ಬೂತಿನಲ್ಲಿ ಎಷ್ಟು ಬಿತ್ತು ಎಂಬುದು ತಿಳಿಯುತ್ತದೆ. ನಾವು ಬೂತುಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತೇವೆ. ಎ ಎಂದರೆ ಕಣ್ಣು ಮುಚ್ಚಿ ಗೆಲ್ಲುವುದು, ಬಿ ತೂಗಾಡುವುದು, ಸಿ ಆಸೆ ಬಿಟ್ಟದ್ದು. ನಮ್ಮ ವಾರ್ಡಿನ ಅರ್ಧ ಸೊಸೈಟಿಗಳು, ಎಂದರೆ ಫ್ಲ್ಯಾಟಿನ ಕಟ್ಟಡಗಳು. ಉಳಿದರ್ಧ ವಿಠ್ಠಲವಾಡಿ ಸ್ಟೇಶನ್ನಿನ ಕಡೆಗೆ ಚಾಚಿಕೊಂಡಿರುವ ಚಾಳುಗಳು, ಒಂದು ಕೋಣೆಯ ಸಾಲುಮನೆಗಳು. ಸೊಸೈಟಿಯ ಬೂತುಗಳು ಎಂದಿನಂತೆ ನಮ್ಮವೇ. ಚಾಳಿನ ಬೂತುಗಳು ಹಿಂದಿನ ಸಲ ಬಿ ಇದ್ದವು, ಈ ಸಲ ಸಾಲಾಗಿ ಸಿ ಆಗಿದ್ದವು. ಅಲ್ಲಿರುವವರು ಕಲಬುರಗಿ, ವಿಜಯಪುರ, ರಾಯಚೂರಿನಿಂದ ಬಂದ ಕೂಲಿ ಜನ, ಜೊತೆಗೆ ಮರಾಠವಾಡದವರು. ದೇವರ ವಿಷಯದಲ್ಲಿ ಅವರು ನಮಗಿಂತ ಒಂದು ಕೈ ಮೇಲು. ಅವರು ನಮ್ಮನ್ನು ಬಿಟ್ಟದ್ದೇಕೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ದುಡ್ಡು ಹಂಚಿದರು ಎಂದರು ಕೆಲವರು. ಮಿತ್ರಪಕ್ಷ ಕೈಕೊಟ್ಟಿತು ಎಂದರು ಕೆಲವರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ದಿನ ಠಾಣೆಯಲ್ಲಿ ಸಮತಟ್ಟಾದ ನೆಲವೇ ಇರಲಿಲ್ಲ.

ಸಭೆ ಮುಗಿದ ಮೇಲೆ ನಗರ ಕಾರ್ಯದರ್ಶಿ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. ಮರಾಠಿ ಮನುಷ್ಯ, ಮಾತು ಮೃದು, ಮುಖದಲ್ಲಿ ಏನೂ ಕಾಣಿಸುವುದಿಲ್ಲ. “ವಹಿನಿ, ರಥಸಪ್ತಮೀಪರ್ಯಂತ ಬೂತ್ ಭರಾ. ನಾಹಿತರ್ ವಾರ್ಡ್ ಸೋಡಾವಾ ಲಾಗೇಲ್” ಎಂದರು. ರಥಸಪ್ತಮಿಯೊಳಗೆ ಪ್ರತಿ ಬೂತಿಗೂ ಆ ಬೂತಿನದೇ ಜನ ಸಿಗಬೇಕು. ಇಲ್ಲವಾದರೆ ಕಾರ್ಪೊರೇಷನ್ ಚುನಾವಣೆಯ ಸೀಟು ಹಂಚಿಕೆಯಲ್ಲಿ ವಾರ್ಡನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಡುತ್ತಾರೆ. ಒಮ್ಮೆ ಬಿಟ್ಟ ವಾರ್ಡು ಮರಳಿ ಬರುವುದಿಲ್ಲ. ನಮ್ಮ ಚಿಹ್ನೆ ಆ ಬೀದಿಗಳಲ್ಲಿ ಕಾಣಿಸುವುದಿಲ್ಲ, ಕಚೇರಿಯ ಮಳಿಗೆಯಲ್ಲಿ ಮೊಬೈಲ್ ಅಂಗಡಿ ಬರುತ್ತದೆ. ಆ ಕಚೇರಿಯ ಮೊದಲ ಗಣಪತಿಗೆ ಮೋದಕ ಮಾಡಿದವಳು ನಾನು. 

ಚಾಳಿಗೆ ಹೋಗಲು ನಾನೇ ಒಂದು ಕ್ರಮ ಮಾಡಿಕೊಂಡೆ. ಹೆಗಲ ಮೇಲೆ ಪಕ್ಷದ ಶಾಲು ಬೇಡ. ಫೋಟೋ ಬೇಡ. ಕೈಯಲ್ಲಿ ಕರಪತ್ರ ಬೇಡ. ಹೊತ್ತು ಮಾತ್ರ ನೋಡಿಕೊಂಡು ಹೋಗಬೇಕು: ನಳದಲ್ಲಿ ನೀರು ಬರುವ ಹೊತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮೊದಮೊದಲು ಏನೂ ಗಿಟ್ಟಲಿಲ್ಲ. ಯಾರನ್ನು ಕೇಳಿದರೂ “ನಿಮಗೇ ಹಾಕೀವ್ರಿ” ಎನ್ನುವ ಉತ್ತರ. ಹಾಗೆ ಹೇಳಿದವರೆಲ್ಲ ಹಾಕಿದ್ದರೆ ನಾವು ಸೋಲುವುದಿರಲಿ, ಎದುರಿನವರ ಠೇವಣಿಯೂ ಉಳಿಯುತ್ತಿರಲಿಲ್ಲ. ಬೂತಿಗೆ ಕೂರುತ್ತೀರಾ ಎಂದರೆ ಒಬ್ಬಳಿಗೆ ಮಗುವಿನ ಜ್ವರ, ಇನ್ನೊಬ್ಬಳಿಗೆ ಕೆಲಸ, ಮತ್ತೊಬ್ಬಳಿಗೆ ಗಂಡನನ್ನು ಕೇಳಬೇಕು. ನಾನು ಕೊಡ ಎತ್ತಿಕೊಟ್ಟೆ, ಪೈಪು ಹಿಡಿದೆ, ಸೀರೆ ಒದ್ದೆ ಮಾಡಿಕೊಂಡು ಮನೆಗೆ ಬಂದೆ.

ಒಂದು ದಿನ ಬಕೆಟ್ಟು ತುಂಬುತ್ತಿದ್ದ ಒಬ್ಬಾಕೆ, ನನ್ನ ಮುಖ ನೋಡದೆಯೇ ಹೇಳಿದಳು. “ಮುಕಾದಮ್ ಬಾಯಿನ್ನ ಬಿಟ್ಟು ನಮ್ಮ ಹಂತೇಕ್ಯಾಕ ಬರ್ತೀರಿ ವೈನಿ? ಆಕಿ ಹೂಂ ಅಂದ್ರ ನಾವೂ ಹೂಂ.”

ಮುಕಾದಮ್ ಬಾಯಿ ನನಗೆ ಗೊತ್ತಿದ್ದವಳೇ. ಕಲಬುರಗಿ ಕಡೆಯವಳು. ಅಂಬರನಾಥದ ಕಾರ್ಖಾನೆಗಳಿಗೆ ಮಾಲು ಹೇರುವ ಇಳಿಸುವ ಹೆಂಗಸರ ತಂಡಕ್ಕೆ ಮೇಸ್ತ್ರಿ, ಅದಕ್ಕೇ ಆ ಹೆಸರು. ಪ್ರತಿ ವರ್ಷ ಸಂಕ್ರಾಂತಿಯಿಂದ ರಥಸಪ್ತಮಿಯೊಳಗೆ ನಮ್ಮ ಪಕ್ಷ ಅರಿಶಿನ ಕುಂಕುಮದ ಕಾರ್ಯಕ್ರಮ ಮಾಡುತ್ತದೆ. ಈ ಕಡೆ ಎಲ್ಲ ಪಕ್ಷದವರೂ ಮಾಡುತ್ತಾರೆ. ಆಕೆ ಚಾಳಿನ ಹೆಂಗಸರನ್ನು ಸಾಲುಗಟ್ಟಿಸಿಕೊಂಡು ಬರುತ್ತಿದ್ದಳು. ಹಾಲ್‌ನಲ್ಲಿ ಅವಳ ನಗು ಮೈಕಿಗಿಂತ ಜೋರು. ಎರಡು ಮಳೆಗಾಲದ ಹಿಂದೆ ಅವಳ ಗಂಡ ಘೋಡಬಂದರ್ ರಸ್ತೆಯ ಒಂದು ಕಟ್ಟಡದ ಮೇಲಿಂದ ಬಿದ್ದು ತೀರಿಹೋದ. ನಾವೆಲ್ಲ ಹೋಗಿ ಕೂತು ಬಂದಿದ್ದೆವು. ಆಮೇಲೆ ಅವಳು ಬರುವುದು ನಿಲ್ಲಿಸಿದಳು. ದುಃಖ ಎಂದುಕೊಂಡಿದ್ದೆವು.

ಅವಳು ಮನೆಯಲ್ಲಿ ಸಿಗುವವಳಲ್ಲ. ಬೆಳಿಗ್ಗೆ ವಿಠ್ಠಲವಾಡಿಯಲ್ಲಿ ಅಂಬರನಾಥದ ಕಡೆಯ ಲೋಕಲ್ ಹತ್ತುತ್ತಾಳೆ ಎಂದು ತಿಳಿದು ನಾನೂ ಟಿಕೆಟ್ ತೆಗೆದುಕೊಂಡು ನಿಂತೆ. ಮಹಿಳಾ ಡಬ್ಬಿಯಲ್ಲಿ ಆ ಕಡೆಗೆ ಅಂಥ ರಷ್ ಇರುವುದಿಲ್ಲ. ಅವಳು ಬಾಗಿಲ ಬಳಿಯ ಕಂಬಕ್ಕೆ ಒರಗಿದ್ದಳು, ಸುತ್ತ ಅವಳ ತಂಡ. ಹಣೆ ಬರಿದಾಗಿತ್ತು.

“ಏನ್ರೀ ವೈನಿ, ಅಂಬರನಾಥದ ಶಿವನ ಗುಡಿಗೇನು?” ಎಂದಳು.

“ನಿನ್ನನ್ನೇ ನೋಡ್ಲಿಕ್ಕೆ ಬಂದದ್ದು ಬಾಯಿ. ನೀನ್ಯಾಕೆ ಬರುದು ಬಿಟ್ಟದ್ದು?”

“ನಾ ಎಲ್ಲಿ ಬಿಟ್ಟೀನ್ರಿ? ನೀವು ಕರೀಲಿಲ್ಲ.”

ಆಮೇಲೆ ಅವಳು ಹೇಳಿದ್ದು ಇಷ್ಟು. ಅರಿಶಿನ ಕುಂಕುಮಕ್ಕೆ ಕರೆಯುವುದೆಂದರೆ ಮನೆಮನೆಗೆ ಹೋಗಿ, ಹೊಸಿಲಲ್ಲಿ ನಿಂತು, ಮನೆಯೊಡತಿಯ ಹಣೆಗೆ ಕುಂಕುಮವಿಟ್ಟು ಬನ್ನಿ ಎನ್ನುವುದು. ಗಂಡ ಹೋದ ಮರುವರ್ಷ ನಮ್ಮ ಘಟಕದವರು ಅವಳ ಸಾಲಿಗೆ ಬಂದಿದ್ದರು. ಆಚೆ ಮನೆಯಲ್ಲಿ ಕರೆದರು. ಈಚೆ ಮನೆಯಲ್ಲಿ ಕರೆದರು. ಅವಳು ಬಾಗಿಲಲ್ಲೇ ನಿಂತಿದ್ದಳು. ಅವಳ ಮುಂದೆ ಬಂದಾಗ ಕರೆಯಲು ಬಂದವರು ಕುಂಕುಮದ ಭರಣಿಯನ್ನು ಸೆರಗಿನೊಳಗೆ ಸರಿಸಿಕೊಂಡು, ತಲೆ ತಗ್ಗಿಸಿ, ಮುಂದಿನ ಬಾಗಿಲಿಗೆ ಹೋದರು.

“ಬೈದಿದ್ರ ನಾನೂ ಬೈದು ಬಿಡ್ತಿದ್ದೆ. ತಲಿ ಬಗ್ಗಿಸಿ ಹೋದ್ರು. ಇಡೀ ಚಾಳಿನ ಮಂದಿ ನೋಡಿದ್ರು ವೈನಿ.” ಅಂಬರನಾಥ ಬಂತು. ಅವಳು ಇಳಿದು ಹೋದಳು.

ನಮ್ಮವರದು ತಪ್ಪು ಉದ್ದೇಶವಾಗಿರಲಿಲ್ಲ. ವಿಧವೆಯ ಮುಂದೆ ಕುಂಕುಮ ಹಿಡಿದು ನಿಂತರೆ ಅವಳಿಗೆ ನೋವಾಗುತ್ತದೆ ಎಂಬ ಸೂಕ್ಷ್ಮದಿಂದಲೇ ಅವರು ದಾಟಿ ಹೋದದ್ದು. ಪದ್ಧತಿಯೂ ಹಾಗೆಯೇ ಇದೆ. ಆದರೆ ಎರಡು ಚುನಾವಣೆಗಳ ನಡುವೆ ನಮ್ಮ ಪಕ್ಷ ಆ ಚಾಳುಗಳಿಗೆ ಕಾಲಿಡುತ್ತಿದ್ದುದೇ ಆ ಒಂದು ಕರೆಗಾಗಿ. ಕಟ್ಟಡದಿಂದ ಬಿದ್ದವರು, ಕುಡಿದು ಸತ್ತವರು, ಹಳಿ ದಾಟುವಾಗ ಹೋದವರು. ಅಲ್ಲಿ ಸಾಲಿಗೆ ಒಂದೆರಡು ಅಂಥ ಮನೆಗಳಿವೆ. ಮನೆ ನಡೆಸುವವಳು ಆ ವಿಧವೆಯೇ. ಯಾರಿಗೆ ಮತ ಎಂದು ಹೇಳುವವಳೂ ಅವಳೇ. ನಾವು ಆ ಬಾಗಿಲುಗಳನ್ನು ಮಾತ್ರ ಬಿಟ್ಟು ಉಳಿದೆಲ್ಲ ಬಾಗಿಲು ತಟ್ಟಿದ್ದೆವು.

ನಗರ ಕಾರ್ಯದರ್ಶಿಗೆ ಹೇಳಿದೆ. ಅವರು ತಕ್ಷಣ, “ಹಾಗಾದರೆ ಕುಂಕುಮ ಬಿಡಿ. ಸೀರೆ ಗೆಲ್ಲುವ ಆಟ ಇಡೋಣ, ಆರ್ಕೆಸ್ಟ್ರಾ ತರಿಸೋಣ” ಎಂದರು. ನನಗೆ ಅದು ಸರಿ ಕಾಣಲಿಲ್ಲ. ಮಾಡು ಸೋರಿದರೆ ಹೆಂಚು ತೆಗೆದು ಕೂರಿಸುತ್ತೇವೆ, ಮನೆ ಕೆಡವುವುದಿಲ್ಲ. ಹಬ್ಬ ಉಳಿಸುತ್ತೇವೆ ಎಂದು ಮತ ಕೇಳುವವರು ಸೋತ ಕೂಡಲೇ ಹಬ್ಬ ಬಿಟ್ಟರೆ ಸೊಸೈಟಿಯವರೂ ಹೋಗುತ್ತಾರೆ, ಚಾಳಿನವರೂ ಬರುವುದಿಲ್ಲ.

ನನಗೊಂದು ಉಪಾಯ ಹೊಳೆಯಿತು, ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಮೈಲಾರಲಿಂಗನ ಭಂಡಾರ. ಅರಿಶಿನದ ಪುಡಿಯೇ, ಆದರೆ ದೇವರ ಪ್ರಸಾದ. ಮರಾಠಿಯವರಿಗೆ ಅದೇ ದೇವರು ಖಂಡೋಬ. ಭಂಡಾರ ಹಚ್ಚಲು ಮುತ್ತೈದೆ, ವಿಧವೆ ಎಂದು ಯಾರೂ ನೋಡುವುದಿಲ್ಲ, ಗಂಡಸರೂ ಹಚ್ಚಿಕೊಳ್ಳುತ್ತಾರೆ. ಕುಂಕುಮ ಮುತ್ತೈದೆಯರಿಗೆ, ಭಂಡಾರ ಉಳಿದವರಿಗೆ. ಪದ್ಧತಿ ಮುರಿಯದೆ ಎಲ್ಲರೂ ಒಳಗೆ. ಇಷ್ಟು ಸುಲಭವಾಗಿತ್ತಲ್ಲ ಎಂದು ಮತ್ತೆ ಲೋಕಲ್ ಹತ್ತಿದೆ.

ಮುಕಾದಮ್ ಬಾಯಿ ಪೂರ್ತಿ ಕೇಳಿಸಿಕೊಂಡಳು.

“ಅಂದ್ರ ನಮಗ ಬ್ಯಾರೆ ತಾಟ ಇಡ್ತೀರಿ.”

“ಬೇರೆ ಅಂತ ಅಲ್ಲ ಮಾರಾಯ್ತಿ…”

“ಬ್ಯಾರೇನೇ ಆತಲ್ರಿ. ಈ ತಾಟ ಬಂತಂದ್ರ ಯಾರು ಮುಂಡೇರು ಅಂತ ಹಾಲ್‌ನ ಮಂದಿಗೆಲ್ಲ ಗೊತ್ತಾಗ್ತದ. ಹಿಂದ ಸುಮ್ಮನ ದಾಟಿ ಹೋಗ್ತಿದ್ರಿ, ಈಗ ಸಾರಿ ಹೇಳ್ತೀರಿ.” ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ಚೀಲದ ತೂಕ ಹೇಳುವವಳ ಹಾಗೆ ಹೇಳಿದಳು. ನನ್ನ ಮುಖ ಸಪ್ಪಗಾದದ್ದು ಅವಳಿಗೆ ಕಂಡಿರಬೇಕು. ಉಲ್ಲಾಸನಗರ ದಾಟಿದ ಮೇಲೆ ತಾನಾಗಿ ಮಾತಾಡಿದಳು. “ನೀವು ಹಚ್ಚೂದು ಬ್ಯಾಡ ವೈನಿ. ನಂದೇನದ, ಬಾಗಿಲಿಗಿ ಬಂದು ಕರೀರಿ. ಹಚ್ಕೋತೀನೋ ಬಿಡ್ತೀನೋ ನಾ ನೋಡ್ಕೋತೀನಿ. ನನ್ನ ಹಣಿ ನಂದು.”

ವಾಪಸು ಬರುವ ಗಾಡಿಯಲ್ಲಿ ನಾನು ಅದನ್ನೇ ಯೋಚಿಸುತ್ತ ಕೂತೆ. ಇಡೀ ತೊಡಕು ಹಚ್ಚುವ ಕೈಯಲ್ಲಿತ್ತು. ನಾವು ಹಚ್ಚುವವರು ಎಂದಾದ ಮೇಲೆ ಯಾರಿಗೆ ಹಚ್ಚಬೇಕು, ಯಾರಿಗೆ ಹಚ್ಚಬಾರದು ಎಂದು ನಾವೇ ತೀರ್ಮಾನಿಸಬೇಕಾಗುತ್ತದೆ. ಹಚ್ಚದಿದ್ದರೆ? ಒಂದೇ ಹರಿವಾಣ, ಅದರಲ್ಲಿ ಕುಂಕುಮ, ಭಂಡಾರ, ಹೂವು, ಎಳ್ಳುಬೆಲ್ಲ ಎಲ್ಲ ಇರಲಿ. ಪ್ರತಿ ಬಾಗಿಲಲ್ಲೂ ನಿಲ್ಲಬೇಕು. ಹರಿವಾಣ ಮುಂದೆ ಹಿಡಿಯಬೇಕು. ಅವರವರು ತಮ್ಮ ಕೈಯಿಂದ ಏನು ಬೇಕೋ ಅದನ್ನು ತೆಗೆದುಕೊಳ್ಳಲಿ. ಹಾಲ್‌ನಲ್ಲೂ ಹಾಗೆಯೇ. ಕಲ್ಯಾಣ ಇಳಿಯುವಾಗ ಇದನ್ನೇ ಮಾಡುವುದು ಎಂದು ನಿಶ್ಚಯಿಸಿದ್ದೆ.

ಮಹಿಳಾ ಘಟಕದ ಸಭೆ ಕರೆದೆ. ಯೋಚಿಸಿದ್ದನ್ನೆಲ್ಲ ಹೇಳಿದೆ. ಘಟಕದ ಹಿರಿಯ ಕಾರ್ಯಕರ್ತೆ, ನಮ್ಮ ಪಕ್ಕದ ಸೊಸೈಟಿಯವರು, ಉಡುಪಿ ಕಡೆಯವರೇ, ಮೊದಲು ಬಾಯಿ ಬಿಟ್ಟರು.

“ಅಲ್ಲ, ಒಂದೇ ಹರಿವಾಣ ಅಂತೀರಿ. ಅವರು ಕೈ ಹಾಕಿದ ಕುಂಕುಮ ಮತ್ತೆ ನಾವು ಇಟ್ಕೊಳ್ಳುದಾ?”

“ಹೌದು.”

“ನನ್ನಿಂದ ಆಗುದಿಲ್ಲ. ನಮ್ಮವರದ್ದು ಹಾರ್ಟಿನ ಆಪರೇಶನ್ ಆಗಿ ವರ್ಷ ತುಂಬ್ಲಿಲ್ಲ. ನನ್ನನ್ನು ಬಿಟ್ಟುಬಿಡಿ.”

ಅವರು ಹೊರಟರು. ಅವರ ಹಿಂದೆ ಇನ್ನೂ ಕೆಲವರು ಹೊರಟರು. ನಾನು ತಡೆಯಲಿಲ್ಲ, ವಾದ ಮಾಡಲಿಲ್ಲ. ಅವರ ಹೆದರಿಕೆ ಸುಳ್ಳಲ್ಲ. ನನಗೂ ಹೆದರಿಕೆಯಿತ್ತು, ಗಲ್ಲೆಯಲ್ಲಿ ಕೂರುವ ನನ್ನ ಗಂಡನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯವೊಂದು ತಿಂಗಳಿಂದ ಒಣಗಿರಲಿಲ್ಲ. ಆದರೆ ಸಿ ಬೂತುಗಳಿಗೆ ಹೋಗಬೇಕಾದ ದಿನ ಹತ್ತಿರ ಬರುತ್ತಿತ್ತು, ಜೊತೆಗೆ ಬರುವವರು ಬೆರಳೆಣಿಕೆ. ಚಾಳನ್ನು ಗಳಿಸಲು ಹೋಗಿ ಸೊಸೈಟಿಯನ್ನು ಕಳೆದುಕೊಂಡೆನೇ ಎಂದು ಚಿಂತೆಯಾಯಿತು.

ಮನೆಯಲ್ಲಿ ಇನ್ನೊಂದು ಕೆಲಸ ಬಾಕಿಯಿತ್ತು. ಅಷ್ಟು ದೊಡ್ಡ ಹರಿವಾಣ ಇರುವುದು ಅತ್ತೆಯ ಬಳಿ. ಊರಿಂದ ತಂದ ಹಿತ್ತಾಳೆಯದು, ಅವರ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿರುತ್ತದೆ. ಅತ್ತೆ ಮನೆಯಲ್ಲಿ ತುಳು ಮಾತಾಡುವವರು. ಯಾವುದಾದರೂ ವಿಷಯ ಗಂಭೀರವಾದರೆ ಮಾತ್ರ ಕನ್ನಡಕ್ಕೆ ಬರುತ್ತಾರೆ. ಮಾವ ತೀರಿಹೋಗಿ ಬಹಳ ವರ್ಷಗಳಾದವು. ಪಕ್ಷದ ಅರಿಶಿನ ಕುಂಕುಮಕ್ಕೆ ಪ್ರತಿ ವರ್ಷ ಎಳ್ಳುಂಡೆ ಕಟ್ಟುವವರು ಅವರೇ. ಬೆಲ್ಲದ ಪಾಕ ಅವರಷ್ಟು ಹದವಾಗಿ ತೆಗೆಯುವವರು ನಮ್ಮ ಬಿಲ್ಡಿಂಗಿನಲ್ಲಿಲ್ಲ. ಉಂಡೆಯ ಡಬ್ಬಿಗಳು ಹಾಲ್‌ಗೆ ಹೋಗುತ್ತವೆ, ಅತ್ತೆ ಬಾಗಿಲು ಹಾಕಿಕೊಂಡು ಟಿವಿ ಮುಂದೆ ಕೂರುತ್ತಾರೆ.

ನಾನು ವಿಷಯವೆಲ್ಲ ಹೇಳಿ ಹರಿವಾಣ ಕೇಳಿದೆ. ಅವರು ಎಳ್ಳು ಹುರಿಯುತ್ತ ಇದ್ದರು. ಮುಂದಿನ ದಿನಗಳಲ್ಲೂ ಆ ಸುದ್ದಿ ಎತ್ತಲಿಲ್ಲ. ನಾನು ಅಂಗಡಿಯಿಂದ ಒಂದು ಸ್ಟೀಲಿನ ತಟ್ಟೆ ತಂದಿಟ್ಟುಕೊಂಡೆ.

ಕರೆಯಲು ಹೊರಡುವ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಹುಣಸೆಹುಳಿ ಹಾಕಿ ಉಜ್ಜಿದ ಹರಿವಾಣ ಊಟದ ಮೇಜಿನ ಮೇಲಿತ್ತು. ಅತ್ತೆ ಪಕ್ಕದಲ್ಲಿ ಕೂತಿದ್ದರು. ಒಗೆದ ಸೀರೆ ಉಟ್ಟಿದ್ದರು.

“ಎಲ್ಲಿಂದ ಸುರು ಮಾಡುದು?” ಎಂದರು, ಕನ್ನಡದಲ್ಲಿ.

“ನಮ್ಮ ಬಿಲ್ಡಿಂಗಿಂದಲೇ ಅತ್ತೆ. ಒಂದು ಬಾಗಿಲೂ ಬಿಡುದಿಲ್ಲ.”

“ಹೌದಾ.” ಹರಿವಾಣದ ಅಂಚನ್ನು ಸೆರಗಿನಿಂದ ಒರೆಸಿದರು. “ನಮ್ಮ ಮನೆ ಆ ಬಿಲ್ಡಿಂಗಲ್ಲಿ ಉಂಟಲ್ಲ?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಈ ಮನೆಗೆ ಬಂದ ಮೇಲೆ ಅದೆಷ್ಟು ಸಂಕ್ರಾಂತಿ ಕಳೆದಿದ್ದವು. ನಾನು ಹರಿವಾಣದಲ್ಲಿ ಕುಂಕುಮ, ಭಂಡಾರ, ಸೇವಂತಿಗೆ, ಅವರೇ ಕಟ್ಟಿದ ಎಳ್ಳುಂಡೆ ಜೋಡಿಸಿ, ಚಪ್ಪಲಿ ಹಾಕಿಕೊಂಡು, ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಬೆಲ್ ಒತ್ತಿದೆ. ಅತ್ತೆ ಬಾಗಿಲು ತೆರೆದರು. “ನಮ್ಮಲ್ಲಿ ಅರಿಶಿನ ಕುಂಕುಮ ಉಂಟು, ಬರ್ಬೇಕು” ಎಂದೆ.  ಅವರು ಹರಿವಾಣವನ್ನು ನಿಧಾನವಾಗಿ ನೋಡಿದರು. ಕುಂಕುಮ ಮುಟ್ಟಲಿಲ್ಲ. ಒಂದು ಸೇವಂತಿಗೆ ತೆಗೆದುಕೊಂಡು ಮುಡಿಗೆ ಸಿಕ್ಕಿಸಿಕೊಂಡರು. “ಬರ್ತೇನೆ” ಎಂದರು. ಆಮೇಲೆ ತುಳುವಿನಲ್ಲಿ, ಅಳುವುದು ಸಾಕು, ಬಿಸಿಲೇರುತ್ತದೆ, ಹರಿವಾಣ ನನ್ನ ಕೈಯಲ್ಲಿ ಕೊಡು ಎಂದು ಗದರಿದರು.

ಅವರು ಜೊತೆಗೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಮಡಿ, ಏಕಾದಶಿ, ಶ್ರಾದ್ಧ ಎಂದರೆ ಸುತ್ತಲಿನ ಸೊಸೈಟಿಯವರೆಲ್ಲ ಕೇಳುವುದು ಅತ್ತೆಯನ್ನೇ. ಅವರು ಮುಡಿಯಲ್ಲಿ ಹೂವಿಟ್ಟುಕೊಂಡು ಮೆಟ್ಟಿಲಿಳಿಯುವುದನ್ನು ಕಂಡು ಬಿಟ್ಟು ಹೋದವರಲ್ಲಿ ಇಬ್ಬರು ಚಪ್ಪಲಿ ಮೆಟ್ಟಿಕೊಂಡು ಬಂದರು. ಹಿರಿಯ ಕಾರ್ಯಕರ್ತೆ ಬರಲಿಲ್ಲ. ಅವರ ಬಾಗಿಲಿಗೂ ಹೋದೆವು. ಅವರು ಎಳ್ಳುಂಡೆ ಮಾತ್ರ ತೆಗೆದುಕೊಂಡರು. ಅತ್ತೆ, “ನಿಮ್ಮವರು ಚೆನ್ನಾಗಿರ್ಲಿ” ಎಂದು ಮುಂದೆ ನಡೆದರು.

ಚಾಳಿಗೆ ತಲುಪುವಾಗ ಮಧ್ಯಾಹ್ನ. ರವಿವಾರ, ಎಲ್ಲರೂ ಮನೆಯಲ್ಲಿದ್ದರು. ಮುಕಾದಮ್ ಬಾಯಿಯ ಸಾಲಿನ ಮೊದಲ ಬಾಗಿಲುಗಳಲ್ಲಿ ಹರಿವಾಣ ಹಿಡಿದೆವು. ಒಬ್ಬಳು ಕುಂಕುಮ ಇಟ್ಟುಕೊಂಡಳು, ಒಬ್ಬ ಮುದುಕಿ ಭಂಡಾರವನ್ನು ಹಣೆತುಂಬ ಬಳಿದುಕೊಂಡಳು, ಒಂದು ಬಾಗಿಲು ತೆರೆಯಲೇ ಇಲ್ಲ. ಅವಳ ಬಾಗಿಲು ಹತ್ತಿರವಾದಂತೆ ಸಾಲಿನ ಹೆಂಗಸರೆಲ್ಲ ಹೊರಗೆ ಬಂದು ನಿಂತರು.  ಇಲ್ಲಿ ಕೆಟ್ಟರೆ ವಾರ್ಡು ಹೋಯಿತು ಎಂಬುದು ನನಗೆ ಗೊತ್ತಿತ್ತು.

ಮುಕಾದಮ್ ಬಾಯಿ ಹೊಸಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹರಿವಾಣ ಮುಂದೆ ಹಿಡಿದರು.

“ಅರಿಶಿನ ಕುಂಕುಮ ಉಂಟು ಮಗಾ. ಬರ್ಬೇಕು ನೀನು.”

ಅವಳು ಹರಿವಾಣ ನೋಡಲಿಲ್ಲ. ಅತ್ತೆಯ ಬರಿ ಹಣೆಯನ್ನು ನೋಡಿದಳು, ಮುಡಿಯ ಹೂವನ್ನು ನೋಡಿದಳು.

“ಯವ್ವಾ, ನಿಮಗ ಯಾರು ಕರದಾರ?”

“ಇವಳು, ಸೊಸೆ. ಇವತ್ತು ಬೆಳಿಗ್ಗೆ. ಹೊರಗೆ ಹೋಗಿ ಬೆಲ್ ಒತ್ತಿದ್ಲು.”

“ಇವತ್ತೇ?”

“ಇವತ್ತೇ ಸುರು.”

ಮುಕಾದಮ್ ಬಾಯಿ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಜೋರಾಗಿ ನಕ್ಕುಬಿಟ್ಟಳು, ಮೈಕಿಗಿಂತ ಜೋರಾದ ಆ ಹಳೆಯ ನಗು, ಕಣ್ಣಲ್ಲಿ ನೀರು. “ನಾ ನನ್ನೊಬ್ಬಾಕಿನ್ನ ಬಿಟ್ರಂತ ಮಾಡಿದ್ದೆ. ಮನ್ಯಾಗಿನ ಮುದುಕಿನ್ನೂ ಬಿಟ್ಟಿದ್ರೇನು ವೈನಿ!” ಎಂದು ಭಂಡಾರ ತೆಗೆದು ಮೊದಲು ಅತ್ತೆಯ ಹಣೆಗೆ ಹಚ್ಚಿದಳು, ಆಮೇಲೆ ತನ್ನ ಹಣೆಗೆ. ಹಚ್ಚಬಾರದು ಎಂದು ನಾನು ಮಾಡಿದ್ದ ನಿಯಮ ಅಲ್ಲಿಗೆ ಮುರಿಯಿತು. ಅತ್ತೆ ತಲೆ ಬಾಗಿಸಿ ಹಚ್ಚಿಸಿಕೊಂಡರು.

ಅವಳು ಹರಿವಾಣವನ್ನು ಅವರ ಕೈಯಿಂದ ತೆಗೆದುಕೊಂಡಳು. “ಬಿಸಲಾಗ ದಣದೀರಿ, ನೀವು ಸುಮ್ಮನ ನಡೀರಿ. ಈ ಸಾಲಿನ ಬಾಗಿಲ ನನಗ ಗೊತ್ತವ.” ಚಪ್ಪಲಿ ಮೆಟ್ಟುತ್ತ ನನಗೆ ಹೇಳಿದಳು. “ಬೂತಿಗಿ ನನ್ನ ಹೆಸರು ಬರ್ಕೋರಿ. ಉಳಿದ ಬೂತಿಗೂ ಮಂದಿ ಕೊಡ್ತೀನಿ. ಆದ್ರ ಒಂದು ಮಾತು. ಓಟಿನ ಸುದ್ದಿ ಇವತ್ತ ಒಬ್ಬರೂ ತಗೀಬಾರದು.”

ತೆಗೆಯುವುದಿಲ್ಲ ಎಂದೆ.

ಅವಳು ಸಾಲಿನಲ್ಲಿ ಹಿಂದಕ್ಕೆ ನಡೆದು, ಆಗ ತೆರೆಯದೆ ಉಳಿದಿದ್ದ ಆ ಬಾಗಿಲಿನ ಮುಂದೆ ನಿಂತಳು. ಒಳಗಿದ್ದವಳ ಗಂಡ ಈಚೆಗೆ ತೀರಿಹೋದದ್ದು ಅವಳಿಗೆ ತಿಳಿದಿತ್ತು. ಹರಿವಾಣವನ್ನು ಸೊಂಟಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬಾಗಿಲು ಬಡಿದಳು.

“ಏ ತಂಗಿ, ಅಳೂದು ಬಿಡು, ಹೊರಗ ಬಾ. ನಿನ್ನ ಕರಿಲಾಕ ಬಂದೀವಿ.”